ಯಾರ ರಕ್ತ ಇದು? ಒಂದು ಹಳೆಯ ಪ್ರಶ್ನೆಯ ಚರಿತ್ರೆ

ನಾಲ್ಕು ವರ್ಷದ ಹಿಂದಿನ ಮಾತು. ಹೆರಿಗೆಯಾದ ಮೇಲೆ ನಮ್ಮ ಅತ್ತಿಗೆಗೆ ರಕ್ತ ಹೋಗುವುದು ನಿಲ್ಲಲಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಎರಡು ಬಾಟ್ಲಿ ರಕ್ತ ಏರಿಸಬೇಕು, ಬದಲಿಗೆ ನಿಮ್ಮ ಕಡೆಯಿಂದ ಇಬ್ಬರು ಕೊಡಿ ಎಂದು ನರ್ಸ್ ಹೇಳಿ ಹೋದರು.

ವಾರ್ಡಿನ ಹೊರಗೆ ನಿಂತಿದ್ದ ನಮ್ಮ ಮನೆಯವರಲ್ಲಿ ಮೂವರು ಮೂರು ಮಾತಾಡಿದರು. ಅಜ್ಜಿ, "ಯಾರ ರಕ್ತವೋ ಏನೋ, ಕುಡುಕಂದೋ, ಯಾವ ಜನದವಂದೋ" ಎಂದರು. ದೊಡ್ಡಪ್ಪ, "ಹೊರಗಿನೋರದ್ಯಾಕೆ? ಮನೆಯವರದೇ ಹಾಕ್ಲಿ, ಗಂಡ ಇದಾನೆ, ಅಣ್ಣತಮ್ಮಂದಿರಿದಾರೆ" ಎಂದರು. ನಮ್ಮ ಅಕ್ಕ ಮುಂದೆ ಬಂದು "ನಂದು ತಗೊಳ್ಳಲಿ" ಎಂದಾಗ ಅದೇ ದೊಡ್ಡಪ್ಪ, "ಹೆಣ್ಮಗಳ ರಕ್ತ ಯಾಕಮ್ಮ, ಗಂಡಸರು ಇಷ್ಟು ಜನ ನಿಂತಿಲ್ವಾ" ಎಂದು ತಡೆದರು.

ಅವತ್ತು ನನಗೆ ಮೂವರ ಮೇಲೂ ಸಿಟ್ಟು ಬಂದಿತ್ತು. ಆಮೇಲೆ ಈ ವಿಷಯ ಓದುತ್ತಾ ಹೋದ ಹಾಗೆ ತಿಳಿದಿದ್ದೇನೆಂದರೆ, ಆ ಮೂರೂ ಪ್ರಶ್ನೆಗಳು ನಮ್ಮ ಮನೆಯವರು ಹುಟ್ಟಿಸಿದ್ದಲ್ಲ. ಮುನ್ನೂರೈವತ್ತು ವರ್ಷಗಳಿಂದ ದೊಡ್ಡ ದೊಡ್ಡ ವೈದ್ಯರು ಕೇಳಿಕೊಂಡು ಬಂದ ಪ್ರಶ್ನೆಗಳು ಅವು. ಕೊಟ್ಟವರ ಗುಣ, ಕುಲ, ವಯಸ್ಸು, ಲಿಂಗ ಇವು ಪಡೆದವರ ಮೇಲೆ ಪರಿಣಾಮ ಬೀರುತ್ತವೆಯೇ? ಕೆಲವಕ್ಕೆ ಉತ್ತರ ಹೌದು, ಕೆಲವಕ್ಕೆ ಇಲ್ಲ. ಯಾವುದು ಹೌದು, ಯಾವುದು ಇಲ್ಲ ಎಂದು ಬೇರ್ಪಡಿಸಲು ಬಹಳ ಜೀವಗಳು ಹೋಗಿವೆ.

ಕರುವಿನ ಸಾಧುತನ

1660ರ ದಶಕದಲ್ಲಿ ಇಂಗ್ಲೆಂಡಿನ ರಿಚರ್ಡ್ ಲೋವರ್ ಎಂಬ ವೈದ್ಯ ಒಂದು ನಾಯಿಯ ರಕ್ತವನ್ನು ಇನ್ನೊಂದು ನಾಯಿಗೆ ಹಾಯಿಸಿ ತೋರಿಸಿದ. ಅಂಥದ್ದೇ ಒಂದು ಪ್ರಯೋಗದ ಸುದ್ದಿ ಕೇಳಿದ ಸ್ಯಾಮ್ಯುಯೆಲ್ ಪೀಪ್ಸ್ 1666ರ ನವೆಂಬರ್‌ನಲ್ಲಿ ತನ್ನ ದಿನಚರಿಯಲ್ಲಿ ಜನರ ತಮಾಷೆಯನ್ನೂ ಬರೆದಿಟ್ಟ. ಕ್ವೇಕರ್ ಪಂಥದವನ ರಕ್ತವನ್ನು ಆರ್ಚ್‌ಬಿಷಪ್ಪನಿಗೆ ಹಾಕಿದರೆ ಏನಾದೀತು ಎಂಬುದೇ ಆ ತಮಾಷೆ. ಜಾತಿ ಕೇಳಿದ ನಮ್ಮ ಅಜ್ಜಿಗೂ ಲಂಡನ್ನಿನ ಆ ಮೇಧಾವಿಗಳಿಗೂ ಅಂಥ ವ್ಯತ್ಯಾಸವೇನಿಲ್ಲ.

ಮರುವರ್ಷ, 1667ರ ಜೂನ್‌ನಲ್ಲಿ, ಪ್ಯಾರಿಸ್‌ನ ಝಾನ್ ಬ್ಯಾಪ್ಟಿಸ್ಟ್ ಡೆನಿ ಎಂಬಾತ 15 ವರ್ಷದ ಹುಡುಗನಿಗೆ ಕುರಿಮರಿಯ ರಕ್ತ ಏರಿಸಿದ. ಹುಡುಗ ಬದುಕಿಕೊಂಡ. ಅದೇ ವರ್ಷ ನವೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಲೋವರ್ ಮತ್ತು ಎಡ್ಮಂಡ್ ಕಿಂಗ್ ಸೇರಿ ಆರ್ಥರ್ ಕೋಗಾ ಎಂಬವನಿಗೆ ಕುರಿಯ ರಕ್ತ ಹಾಕಿದರು. ಡಿಸೆಂಬರ್‌ನಲ್ಲಿ ಡೆನಿ ಮತ್ತೊಂದು ಸಾಹಸಕ್ಕೆ ಇಳಿದ. ಆಂತ್ವಾನ್ ಮೊರ್ವಾ ಎಂಬ ಮನೋರೋಗಿ ರಾತ್ರಿ ಹೊತ್ತು ಬೀದಿ ಬೀದಿ ಓಡುತ್ತಿದ್ದ. ಅವನಿಗೆ ಕರುವಿನ ರಕ್ತ ಹಾಕಿದರು. ಕರು ಸಾಧು ಪ್ರಾಣಿ, ಅದರ ಸಾಧುತನ ರಕ್ತದ ಜೊತೆ ಇವನಿಗೂ ಇಳಿಯುತ್ತದೆ ಎಂಬುದು ಲೆಕ್ಕಾಚಾರ.

ಎರಡನೇ ಸಲ ಹಾಕಿದಾಗ ಮೊರ್ವಾನಿಗೆ ಬೆವರು, ವಾಂತಿ, ಬೆನ್ನುನೋವು ಬಂತು. ಮೂತ್ರ ಇದ್ದಿಲಿನಂತೆ ಕಪ್ಪಾಯಿತು. ಹೊರಗಿನ ರಕ್ತಕಣಗಳನ್ನು ಮೈ ಒಡೆದುಹಾಕಿದರೆ ಹಾಗಾಗುತ್ತದೆ ಎಂದು ಇವತ್ತು ನಮಗೆ ಗೊತ್ತು. ಆಗ ಯಾರಿಗೂ ಗೊತ್ತಿರಲಿಲ್ಲ. 1668ರಲ್ಲಿ ಮೊರ್ವಾ ಸತ್ತ. ಹೆಂಡತಿಯೇ ವಿಷ ಹಾಕಿದ್ದಳೆಂದು ಹೇಳಿ ನ್ಯಾಯಾಲಯ ಡೆನಿಯನ್ನು ಬಿಟ್ಟಿತು. ಆದರೆ ಪ್ಯಾರಿಸ್‌ನ ವೈದ್ಯಮಂಡಳಿಯ ಒಪ್ಪಿಗೆ ಇಲ್ಲದೆ ಯಾರೂ ರಕ್ತ ಏರಿಸಕೂಡದು ಎಂದಿತು. ಆ ಮಂಡಳಿಗೆ ಈ ವಿದ್ಯೆಯೇ ಹಿಡಿಸದು. ಅಲ್ಲಿಗೆ ಸುಮಾರು ನೂರೈವತ್ತು ವರ್ಷ ಈ ಕೆಲಸ ನಿಂತೇಹೋಯಿತು.

ಮತ್ತೆ ಶುರುಮಾಡಿದ್ದು ಲಂಡನ್ನಿನ ಹೆರಿಗೆ ವೈದ್ಯ ಜೇಮ್ಸ್ ಬ್ಲಂಡೆಲ್. ಹೆರಿಗೆಯಾದ ಹೆಂಗಸರು ರಕ್ತ ಹರಿದು ಕಣ್ಣೆದುರೇ ಸಾಯುವುದನ್ನು ನೋಡಿ ನೋಡಿ ಆತ ರೋಸಿಹೋಗಿದ್ದ. ಒಂದು ಜಾತಿಯ ಪ್ರಾಣಿಗೆ ಅದೇ ಜಾತಿಯ ಪ್ರಾಣಿಯ ರಕ್ತವೇ ಆಗಬೇಕು, ಮನುಷ್ಯನಿಗೆ ಮನುಷ್ಯನದೇ ಆಗಬೇಕು ಎಂದು ಪ್ರಯೋಗದಿಂದ ತೋರಿಸಿದ. 1818ರಲ್ಲಿ ಮನುಷ್ಯರ ರಕ್ತವನ್ನು ಮನುಷ್ಯರಿಗೆ ಹಾಕಿದ. ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ. ಯಾಕೆ ಕೆಲವರು ಮಾತ್ರ ಎಂಬುದು ತಿಳಿಯಲು ಇನ್ನೂ ಎಂಬತ್ತು ವರ್ಷ ಬೇಕಾಯಿತು. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಪ್ರಕಟಿಸಿದರು. 1930ರಲ್ಲಿ ಅವರಿಗೆ ನೊಬೆಲ್ ಬಂತು. ನ್ಯೂಯಾರ್ಕಿನ ರೂಬೆನ್ ಓಟನ್‌ಬರ್ಗ್ 1907ರಲ್ಲಿ, ಹಾಕುವ ಮೊದಲೇ ಎರಡೂ ರಕ್ತ ಬೆರೆಸಿ ಹೊಂದುತ್ತದೆಯೇ ಎಂದು ನೋಡುವ ಕ್ರಮ ತಂದರು. ನಾವೀಗ ಕ್ರಾಸ್ ಮ್ಯಾಚ್ ಎನ್ನುವುದು ಅದನ್ನೇ.

ಯಾರ ರಕ್ತ ಎಂಬ ಪ್ರಶ್ನೆಗೆ ಸಿಕ್ಕ ಮೊದಲ ಸರಿಯಾದ ಉತ್ತರ ಇದು. ಕೊಟ್ಟವನ ಸ್ವಭಾವ ಮುಖ್ಯವಲ್ಲ, ಕಣದ ಮೈಮೇಲಿರುವ ಗುರುತು ಮುಖ್ಯ.

ಎಳೆಯ ರಕ್ತ, ಕಪ್ಪು ರಕ್ತ, ಮಾರಿದ ರಕ್ತ

ಗುಂಪು ಗೊತ್ತಾದ ಮೇಲೂ ಹಳೆಯ ನಂಬಿಕೆ ಹೋಗಲಿಲ್ಲ. ರಷ್ಯಾದ ಅಲೆಕ್ಸಾಂಡರ್ ಬೊಗ್ದಾನೋವ್ ಕ್ರಾಂತಿಕಾರಿ, ವೈದ್ಯ, ಕಾದಂಬರಿಕಾರ ಎಲ್ಲವೂ ಆಗಿದ್ದವರು. 1926ರಲ್ಲಿ ಮಾಸ್ಕೋದಲ್ಲಿ ರಕ್ತ ವರ್ಗಾವಣೆಗೆಂದೇ ಒಂದು ಸಂಸ್ಥೆ ಕಟ್ಟಿದರು. ಎಳೆಯರ ಜೊತೆ ರಕ್ತ ಬದಲಾಯಿಸಿಕೊಂಡರೆ ಮುಪ್ಪು ಹಿಂದಕ್ಕೆ ಸರಿಯುತ್ತದೆ ಎಂದು ನಂಬಿದ್ದರು. ತಮ್ಮ ಮೇಲೇ ಹಲವು ಸಲ ಪ್ರಯೋಗ ಮಾಡಿಕೊಂಡರು. 1928ರಲ್ಲಿ ಮಲೇರಿಯಾ ಮತ್ತು ಕ್ಷಯ ಇದ್ದ ಒಬ್ಬ ವಿದ್ಯಾರ್ಥಿಯ ಜೊತೆ ರಕ್ತ ಬದಲಾಯಿಸಿಕೊಂಡ ಕೆಲವೇ ದಿನಗಳಲ್ಲಿ ತೀರಿಕೊಂಡರು. ವಿದ್ಯಾರ್ಥಿ ಬದುಕಿದ. ಎಳೆಯ ರಕ್ತದ ಆಸೆ ಮಾತ್ರ ಸಾಯಲಿಲ್ಲ. ಹರೆಯದವರ ಪ್ಲಾಸ್ಮಾ ಹಾಕಿಸಿಕೊಂಡರೆ ಮುಪ್ಪು ಬರದು ಎಂದು ದುಡ್ಡು ಪಡೆದು ಚುಚ್ಚುವ ವ್ಯಾಪಾರ ಅಮೆರಿಕದಲ್ಲಿ ಶುರುವಾಗಿ, 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆಯೇ ಇದಕ್ಕೆ ಮರುಳಾಗಬೇಡಿ ಎಂದು ಎಚ್ಚರಿಸಬೇಕಾಯಿತು.

ಇನ್ನೂ ನೋವಿನ ಕಥೆ ಚಾರ್ಲ್ಸ್ ಡ್ರೂ ಅವರದು. ಪ್ಲಾಸ್ಮಾವನ್ನು ಕೆಡದಂತೆ ಇಟ್ಟು ದೂರ ಸಾಗಿಸುವುದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ ಕಪ್ಪು ಜನಾಂಗದ ಶಸ್ತ್ರವೈದ್ಯ ಅವರು. 1940ರಲ್ಲಿ ಯುದ್ಧದ ಗಾಯಾಳುಗಳಿಗಾಗಿ ಬ್ರಿಟನ್ನಿಗೆ ಪ್ಲಾಸ್ಮಾ ಕಳಿಸುವ ಕೆಲಸದ ಮುಂದಾಳಾಗಿದ್ದರು. 1941ರ ಕೊನೆಯಲ್ಲಿ ಅಮೆರಿಕನ್ ರೆಡ್ ಕ್ರಾಸ್ ಕಪ್ಪು ಜನರ ರಕ್ತವೇ ಬೇಡ ಎಂದಿತು. ಗಲಾಟೆಯಾದ ಮೇಲೆ 1942ರ ಜನವರಿಯಲ್ಲಿ ತೆಗೆದುಕೊಳ್ಳುತ್ತೇವೆ, ಆದರೆ ಬೇರೆ ಇಡುತ್ತೇವೆ ಎಂದಿತು. ಅಂದರೆ ಆ ವ್ಯವಸ್ಥೆಯನ್ನು ಕಟ್ಟಲು ದುಡಿದ ಮನುಷ್ಯನ ರಕ್ತವೇ ಅದರಲ್ಲಿ ಪಂಕ್ತಿಭೇದಕ್ಕೆ ಒಳಗಾಯಿತು. ಇದಕ್ಕೆ ವಿಜ್ಞಾನದ ಆಧಾರವಿಲ್ಲ ಎಂದು ಡ್ರೂ ಬಹಿರಂಗವಾಗಿಯೇ ಹೇಳಿದರು. ರೆಡ್ ಕ್ರಾಸ್ ಆ ಪದ್ಧತಿ ಬಿಟ್ಟಿದ್ದು 1950ರಲ್ಲಿ.

ಆದರೆ ಕೊಟ್ಟವರು ಯಾರು ಎನ್ನುವುದು ನಿಜಕ್ಕೂ ಜೀವ ತೆಗೆದ ಒಂದು ಸಂದರ್ಭವಿದೆ. ಅದು ರಕ್ತ ಮಾರಾಟ. ಬ್ರಿಟನ್ನಿನ ರಿಚರ್ಡ್ ಟಿಟ್‌ಮಸ್ 1970ರಲ್ಲಿ ಪ್ರಕಟಿಸಿದ 'ದಿ ಗಿಫ್ಟ್ ರಿಲೇಷನ್‌ಶಿಪ್' ಪುಸ್ತಕದಲ್ಲಿ, ಸುಮ್ಮನೆ ಕೊಡುವ ಬ್ರಿಟನ್ನಿಗೂ ದುಡ್ಡಿಗೆ ಕೊಳ್ಳುವ ಅಮೆರಿಕಕ್ಕೂ ಹೋಲಿಸಿದರು. ದುಡ್ಡಿನ ಆಸರೆಗೆ ಬಂದವರು ತಮ್ಮ ಕಾಯಿಲೆ ಮುಚ್ಚಿಡುತ್ತಾರೆ. ಹಾಗಾಗಿ ಕೊಂಡ ರಕ್ತದಿಂದ ಕಾಮಾಲೆ ಹೆಚ್ಚು ಹರಡುತ್ತದೆ ಎಂಬುದು ಅವರ ವಾದವಾಗಿತ್ತು. ಮುಂದೆ ಹೆಪಟೈಟಿಸ್, ಎಚ್‌ಐವಿ ಅದನ್ನು ಕ್ರೂರವಾಗಿ ನಿಜಮಾಡಿದವು.

ನಮ್ಮಲ್ಲೂ ರಕ್ತ ಮಾರಿ ಹೊಟ್ಟೆ ಹೊರೆಯುವವರಿದ್ದರು. ಕಾಮನ್ ಕಾಸ್ ಎಂಬ ಸಂಸ್ಥೆ ಹಾಕಿದ ಅರ್ಜಿಯ ಮೇಲೆ 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪರವಾನಗಿ ಇಲ್ಲದ ರಕ್ತನಿಧಿಗಳನ್ನು ಮುಚ್ಚಬೇಕು, ಎರಡು ವರ್ಷದೊಳಗೆ ರಕ್ತ ಮಾರುವ ಪದ್ಧತಿಯನ್ನೇ ಇಲ್ಲವಾಗಿಸಬೇಕು ಎಂದಿತು. 1998ರ ಜನವರಿ 1ರಿಂದ ಅದು ನಿಷೇಧವಾಯಿತು. ಇಲ್ಲಿ ಕೆಟ್ಟದ್ದು ಬಡವರ ರಕ್ತವಲ್ಲ ಎಂಬುದನ್ನು ಗಮನಿಸಬೇಕು. ಸುಳ್ಳು ಹೇಳಲೇಬೇಕಾದ ಸ್ಥಿತಿಗೆ ಬಡವರನ್ನು ತಂದ ವ್ಯವಹಾರ ಕೆಟ್ಟದ್ದು.

'ಮನೆಯವರದೇ ಹಾಕ್ಲಿ'

ದೊಡ್ಡಪ್ಪನ ಮಾತಿಗೆ ಬರೋಣ. ನಮ್ಮವರ ರಕ್ತ ಸುರಕ್ಷಿತ ಎಂದು ಹಳ್ಳಿಯಲ್ಲಿ ಎಲ್ಲರೂ ನಂಬುತ್ತಾರೆ, ನಾನೂ ನಂಬಿದ್ದೆ. ವಿಜ್ಞಾನ ಇಲ್ಲಿ ಉಲ್ಟಾ ಹೇಳುತ್ತದೆ.

ರಕ್ತದಲ್ಲಿ ಕೆಂಪು ಕಣಗಳ ಜೊತೆ ಬಿಳಿ ಕಣಗಳೂ ಇರುತ್ತವೆ. ಬೇರೆಯವರ ಬಿಳಿ ಕಣ ಒಳಗೆ ಬಂದರೆ ನಮ್ಮ ಮೈ ಅವನ್ನು ಗುರುತು ಹಿಡಿದು ಕೊಲ್ಲುತ್ತದೆ. ಆದರೆ ಹತ್ತಿರದ ಸಂಬಂಧಿಯದಾದರೆ ಕೆಲವೊಮ್ಮೆ ಮೈ ಇವರು ನಮ್ಮವರೇ ಎಂದು ಸುಮ್ಮನಿರುತ್ತದೆ. ಒಳಗೆ ಬಂದ ಕಣಗಳು ಮಾತ್ರ ಸುಮ್ಮನಿರದೆ ಚರ್ಮ, ಕರುಳು, ಯಕೃತ್ತು, ಅಸ್ಥಿಮಜ್ಜೆಗಳ ಮೇಲೆ ದಾಳಿ ಮಾಡುತ್ತವೆ. ಒಂದೆರಡು ವಾರದಲ್ಲಿ ಜ್ವರ, ಮೈಮೇಲೆ ಕೆಂಪು ದದ್ದು, ಭೇದಿ ಶುರುವಾಗುತ್ತವೆ. ಇದು ಬಹಳ ಅಪರೂಪ, ಆದರೆ ಬಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಉಳಿಯುವುದಿಲ್ಲ. ಜಪಾನಿನಲ್ಲಿ 1980ರ ದಶಕದಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ನೆಂಟರ ತಾಜಾ ರಕ್ತ ಹಾಕಿದಾಗ ಇಂಥ ಸಾವುಗಳು ಕಂಡುಬಂದವು. ಅದಕ್ಕೇ ಈಗ ರಕ್ತಸಂಬಂಧಿಯ ರಕ್ತವನ್ನು ರೋಗಿಗೇ ಹಾಕುವುದಾದರೆ ಮೊದಲು ಅದನ್ನು ವಿಕಿರಣಕ್ಕೆ ಒಡ್ಡಿ ಬಿಳಿ ಕಣಗಳ ಶಕ್ತಿ ಕುಂದಿಸಬೇಕು ಎಂಬ ನಿಯಮವಿದೆ.

ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮಂಥ ಕಡೆ ಇದನ್ನು ಇನ್ನಷ್ಟು ಎಚ್ಚರದಿಂದ ಕೇಳಬೇಕು. ನಮ್ಮ ಅತ್ತಿಗೆ ನಮ್ಮ ಸೋದರತ್ತೆಯ ಮಗಳು. ಮನೆಯೊಳಗೇ ತಲೆಮಾರುಗಳಿಂದ ಮದುವೆ ನಡೆದಷ್ಟೂ ಗುರುತುಗಳು ಹೋಲುವ ಸಾಧ್ಯತೆ ಹೆಚ್ಚು. ಇನ್ನು ಗಂಡನ ರಕ್ತ. ಮತ್ತೆ ಮಗು ಪಡೆಯುವ ವಯಸ್ಸಿನ ಹೆಂಡತಿಗೆ ಗಂಡನ ರಕ್ತ ಹಾಕಬಾರದು ಎನ್ನುತ್ತಾರೆ. ಗಂಡನ ರಕ್ತದ ಗುರುತುಗಳ ವಿರುದ್ಧ ಅವಳ ಮೈ ಪ್ರತಿಕಾಯ ಬೆಳೆಸಿಕೊಂಡರೆ, ಮುಂದಿನ ಬಸಿರಿನಲ್ಲಿ ತಂದೆಯ ಗುರುತು ಹೊತ್ತ ಮಗುವಿಗೇ ತೊಂದರೆಯಾಗಬಹುದು. ಪ್ರೀತಿಯಿಂದ ಕೊಟ್ಟಿದ್ದೇ ಕೇಡಾಗುವ ವಿಚಿತ್ರ ಇದು.

ಹೆಣ್ಮಗಳ ರಕ್ತ

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ. ಯಾಕೆಂದರೆ ಇದರಲ್ಲಿ ಅರ್ಧ ನಿಜವಿದೆ.

ಬಸಿರಿನಲ್ಲಿ ಮಗುವಿನ ಕಣಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ಅದರಲ್ಲಿ ತಂದೆಯ ಕಡೆಯ ಗುರುತುಗಳೂ ಇರುವುದರಿಂದ ಕೆಲವು ತಾಯಂದಿರ ಮೈ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುತ್ತದೆ. ಹೆಚ್ಚು ಹೆರಿಗೆಯಾದಷ್ಟೂ ಈ ಸಾಧ್ಯತೆ ಹೆಚ್ಚು. ಅವು ಆಕೆಗೆ ಏನೂ ಮಾಡುವುದಿಲ್ಲ. ಆದರೆ ಆಕೆಯ ಪ್ಲಾಸ್ಮಾ ಬೇರೆಯವರಿಗೆ ಹೋದಾಗ, ಆ ಪ್ರತಿಕಾಯಗಳು ಪಡೆದವರ ಬಿಳಿ ಕಣಗಳನ್ನು ಕೆರಳಿಸಬಹುದು. ಕೆರಳಿದ ಕಣಗಳು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸೇರಿ ಉರಿಯೂತ ಎಬ್ಬಿಸುತ್ತವೆ. ನಾಳಗಳು ಸೋರಿ, ರಕ್ತ ಏರಿಸಿದ ಆರು ಗಂಟೆಯೊಳಗೆ ಶ್ವಾಸಕೋಶದಲ್ಲಿ ನೀರು ತುಂಬಿ ರೋಗಿ ಉಸಿರಿಗೆ ಒದ್ದಾಡುತ್ತಾನೆ. 1980ರ ದಶಕದಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಮಾರ್ಕ್ ಪೊಪೊವ್‌ಸ್ಕಿ ಮತ್ತು ಸಂಗಡಿಗರು ಇದನ್ನು ಗುರುತಿಸಿ ಹೆಸರಿಟ್ಟರು. ವೈದ್ಯರು ಚಿಕ್ಕದಾಗಿ ಟ್ರಾಲಿ ಎನ್ನುತ್ತಾರೆ.

2003ರ ಕೊನೆಯಲ್ಲಿ ಬ್ರಿಟನ್, ಪ್ಲಾಸ್ಮಾವನ್ನು ಆದಷ್ಟೂ ಗಂಡಸರಿಂದಲೇ ತೆಗೆದುಕೊಳ್ಳಲು ಶುರುಮಾಡಿತು. ಟ್ರಾಲಿ ಪ್ರಕರಣಗಳು ಗಣನೀಯವಾಗಿ ಇಳಿದವು. ಕೊಟ್ಟವರ ಲಕ್ಷಣ ನೋಡಿ ನಿಯಮ ಬದಲಿಸಿ ಜೀವ ಉಳಿಸಿದ ಒಳ್ಳೆಯ ಉದಾಹರಣೆ ಇದು. ಆದರೆ ಇದು ಪ್ಲಾಸ್ಮಾದ ಮಾತು. ಬಾಣಂತಿಗೆ ಸಾಮಾನ್ಯವಾಗಿ ಏರಿಸುವ ಕೆಂಪು ಕಣಗಳ ಚೀಲದಲ್ಲಿ ಪ್ಲಾಸ್ಮಾ ತೀರಾ ಕಡಿಮೆ ಇರುತ್ತದೆ.

ಕೆಂಪು ಕಣಗಳ ಬಗ್ಗೆಯೂ ಅನುಮಾನ ಎದ್ದಿದ್ದು 2016ರಲ್ಲಿ. ಕೆನಡಾದ ಆಟವಾದಲ್ಲಿ ಮಿಖಾಯೆಲ್ ಶಾಸ್ಸೆ ಮತ್ತು ಸಂಗಡಿಗರು ಸುಮಾರು 30 ಸಾವಿರ ರೋಗಿಗಳ ದಾಖಲೆ ನೋಡಿದರು. ಹೆಂಗಸರ ಮತ್ತು ಇಪ್ಪತ್ತರೊಳಗಿನವರ ರಕ್ತ ಪಡೆದವರಲ್ಲಿ ಸಾವು ತುಸು ಹೆಚ್ಚು ಕಂಡಿತು. 2017ರಲ್ಲಿ ನೆದರ್ಲೆಂಡ್ಸ್‌ನ ಅಧ್ಯಯನವೊಂದು, ಹಿಂದೆ ಬಸಿರಾಗಿದ್ದ ಹೆಂಗಸರ ರಕ್ತ ಪಡೆದ ಐವತ್ತರೊಳಗಿನ ಗಂಡಸರಲ್ಲಿ ಸಾವು ಹೆಚ್ಚು ಎಂದಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಆದರೆ ಸ್ವೀಡನ್, ಡೆನ್ಮಾರ್ಕ್‌ಗಳ ಒಂಬತ್ತು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ ಗುಸ್ತಾಫ್ ಎಡ್‌ಗ್ರೆನ್ ತಂಡಕ್ಕೆ ಅಂಥದ್ದೇನೂ ಸಿಗಲಿಲ್ಲ. 2019ರಲ್ಲಿ ಅಮೆರಿಕದ ದಾಖಲೆಗಳನ್ನೂ ಸೇರಿಸಿ ನೋಡಿದರು, ಆಗಲೂ ಸಿಗಲಿಲ್ಲ. ಹಾಗಾದರೆ ಮೊದಲಿನವರಿಗೆ ಕಂಡಿದ್ದೇನು? ಎಡ್‌ಗ್ರೆನ್ ಅವರ ವಿವರಣೆ ನಮಗೂ ಅರ್ಥವಾಗುವಂಥದ್ದು. ಒಂದು ಬಾಟ್ಲಿ ಹಾಕಿಸಿಕೊಂಡವನಿಗಿಂತ ಹತ್ತು ಬಾಟ್ಲಿ ಹಾಕಿಸಿಕೊಂಡವನಿಗೆ ಹೆಂಗಸಿನ ರಕ್ತ ಸಿಗುವ ಸಂಭವ ಹೆಚ್ಚು. ಹತ್ತು ಬಾಟ್ಲಿ ಬೇಕಾದವನು ಮೊದಲೇ ಸಾವಿನ ಹತ್ತಿರ ಇರುತ್ತಾನೆ. ಎಷ್ಟು ಬಾಟ್ಲಿ ಎಂಬ ಲೆಕ್ಕವನ್ನು ಸರಿಯಾಗಿ ಹಿಡಿಯದಿದ್ದರೆ ಸಾವಿನ ತಪ್ಪು ಹೆಂಗಸಿನ ರಕ್ತದ ತಲೆಗೆ ಬರುತ್ತದೆ.

ದಾಖಲೆ ನೋಡಿ ಜಗಳ ತೀರದಿದ್ದಾಗ ಉಳಿಯುವುದು ಒಂದೇ ದಾರಿ, ಚೀಟಿ ಎತ್ತುವುದು. ಆಟವಾದ ಅದೇ ಸಂಶೋಧಕರು ತಮ್ಮದೇ ಅನುಮಾನವನ್ನು ಪರೀಕ್ಷೆಗೆ ಒಡ್ಡಿದರು. 8,719 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಗಂಡಸರ ರಕ್ತ, ಇನ್ನೊಂದಕ್ಕೆ ಹೆಂಗಸರ ರಕ್ತ ನಿಗದಿ ಮಾಡಿದರು. ಯಾವುದು ಯಾರದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 2023ರ ಏಪ್ರಿಲ್‌ನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಬದುಕುಳಿಯುವುದರಲ್ಲಿ ಎರಡೂ ಗುಂಪುಗಳ ನಡುವೆ ಗಣನೆಗೆ ಬರುವ ವ್ಯತ್ಯಾಸ ಇರಲಿಲ್ಲ.

ಹಳೆಯ ರಕ್ತ, ಹೊಸ ರಕ್ತ ಎಂಬ ವಾದಕ್ಕೂ ಹೀಗೇ ಆಯಿತು. ಇಟ್ಟ ರಕ್ತದಲ್ಲಿ ಕಣಗಳು ಒಡೆಯುತ್ತವೆ, ಉರಿಯೂತ ಎಬ್ಬಿಸುವ ವಸ್ತುಗಳು ಸೇರುತ್ತವೆ ಎಂಬುದು ನಿಜ. ಹದಿನಾಲ್ಕು ದಿನ ದಾಟಿದ ರಕ್ತ ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ಕೆಟ್ಟದ್ದು ಎಂದು 2008ರಲ್ಲಿ ಒಂದು ಅಧ್ಯಯನ ಹೇಳಿತ್ತು. ಚೀಟಿ ಎತ್ತಿ ಮಾಡಿದ ದೊಡ್ಡ ಪರೀಕ್ಷೆಗಳು 2015ರಿಂದ 2017ರ ನಡುವೆ ಬಂದವು. ತಾಜಾ ರಕ್ತದಿಂದ ಹೆಚ್ಚು ಜನ ಬದುಕಿದ್ದು ಯಾವುದರಲ್ಲೂ ಕಾಣಲಿಲ್ಲ.

ಹಾಗೆಂದು ಎಲ್ಲರ ರಕ್ತವೂ ಒಂದೇ ಎಂದಲ್ಲ. ಅಮೆರಿಕದಲ್ಲಿ 13 ಸಾವಿರಕ್ಕೂ ಹೆಚ್ಚು ದಾನಿಗಳ ರಕ್ತ ಇಟ್ಟು ನೋಡಿದಾಗ ಕೆಲವರ ಕಣ ಬೇಗ ಒಡೆಯುತ್ತವೆ, ಕೆಲವರವು ತಡೆದುಕೊಳ್ಳುತ್ತವೆ ಎಂದು ಗೊತ್ತಾಯಿತು. ಇದರಲ್ಲಿ ತಡೆದುಕೊಂಡವು ಹೆಂಗಸರ ಕಣಗಳು, ಬೇಗ ಒಡೆದವು ಗಂಡಸರವು. ದೊಡ್ಡಪ್ಪನಿಗೆ ಇದನ್ನು ಇನ್ನೂ ಹೇಳಿಲ್ಲ.

ಚೀಲದ ಮೇಲಿನ ನಂಬರು

ಅವತ್ತು ರಾತ್ರಿ ಕೊನೆಗೆ ಅಕ್ಕ ರಕ್ತ ಕೊಟ್ಟೇ ಕೊಟ್ಟಳು. ನಮ್ಮಲ್ಲಿ ಹೆಂಗಸರು ರಕ್ತ ಕೊಡುವುದು ಕಡಿಮೆ. ಕಾರಣ ದೊಡ್ಡಪ್ಪಂದಿರು ಮಾತ್ರ ಅಲ್ಲ. ಕೊಡಲು ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8ರಷ್ಟು ಜನಕ್ಕೆ ರಕ್ತಹೀನತೆ. ಹೆರಿಗೆಯಲ್ಲಿ ಬೇರೆಯವರ ರಕ್ತ ಬೇಕಾಗುವುದೂ ಇವರಿಗೇ, ಕೊಡಲು ಬಂದರೆ ನಿಮಗೇ ಸಾಲದು ಎಂದು ವಾಪಸ್ ಹೋಗುವುದೂ ಇವರೇ. ಹೆಣ್ಮಗಳ ರಕ್ತದ ಬಗ್ಗೆ ಕೇಳಬೇಕಾದ ಪ್ರಶ್ನೆಯೇನಾದರೂ ಇದ್ದರೆ ಅದು ಇದು. ಅಕ್ಕನದು 12.8 ಇತ್ತು.

ಅಕ್ಕ ಕೊಟ್ಟಿದ್ದು ಅತ್ತಿಗೆಗೆ ಹೋಗಲಿಲ್ಲ, ರಕ್ತನಿಧಿಯ ಫ್ರಿಡ್ಜ್‌ಗೆ ಹೋಯಿತು. ಅತ್ತಿಗೆಗೆ ಏರಿಸಿದ್ದು ಮೊದಲೇ ಎಚ್‌ಐವಿ, ಎರಡು ಬಗೆಯ ಹೆಪಟೈಟಿಸ್, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮುಗಿಸಿ ಇಟ್ಟಿದ್ದ ಎರಡು ಚೀಲ. ಚೀಲದ ಮೇಲೆ ಗುಂಪು, ದಿನಾಂಕ, ಒಂದು ನಂಬರು ಇತ್ತು. ಹೆಸರಿಲ್ಲ, ಊರಿಲ್ಲ, ಜಾತಿಯಿಲ್ಲ. ಮುನ್ನೂರೈವತ್ತು ವರ್ಷದಲ್ಲಿ ಕೇಳಲೇಬೇಕಾದ ಪ್ರಶ್ನೆಗಳನ್ನು ಪರೀಕ್ಷೆಗೆ ವಹಿಸಿ, ಕೇಳಬಾರದ ಪ್ರಶ್ನೆಗಳನ್ನು ಅಳಿಸಿಹಾಕಿ ಉಳಿದದ್ದು ಆ ನಂಬರು.

ಮಗು ಈಗ ಅಂಗನವಾಡಿಗೆ ಹೋಗುತ್ತದೆ. ಅಜ್ಜಿ ಒಮ್ಮೊಮ್ಮೆ ಈಗಲೂ ಕೇಳುತ್ತಾರೆ, "ಆವತ್ತು ಹಾಕಿದ್ದು ಯಾರ ರಕ್ತವಂತೆ?" ಗೊತ್ತಿಲ್ಲ ಅಜ್ಜಿ ಎನ್ನುತ್ತೇನೆ. "ಯಾರದೋ ಪುಣ್ಯಾತ್ಮರದು" ಎಂದು ತಾವೇ ಹೇಳಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಾರೆ.